ಮಾಳಮಡ್ಡಿಯ ಹಳೆ ಮನೆಗೆ ನೆಟ್‌ವರ್ಕ್ ವೈರಿಂಗ್: ಒಂದು ಪ್ರಕರಣ ಅಧ್ಯಯನ

ಮನೆ ಇರುವುದು ಧಾರವಾಡದ ಮಾಳಮಡ್ಡಿಯಲ್ಲಿ. ಮುಂದಿನ ಅರ್ಧ ಹಳೆಯದು. ಕಲ್ಲು-ಮಣ್ಣಿನ ಗೋಡೆ, ಮೇಲೆ ಮಂಗಳೂರು ಹಂಚು, ಒಳಗೆ ಪಡಸಾಲೆ, ಅದರ ಹಿಂದೆ ನಡುಮನೆ, ಪಕ್ಕದಲ್ಲಿ ದೇವರ ಕೋಣೆ. ಗೋಡೆಯ ದಪ್ಪ ಎರಡು ಅಡಿಗೆ ತುಸು ಕಡಿಮೆ. ಹಿಂದಿನ ಅರ್ಧ ಆಮೇಲೆ ಕಟ್ಟಿದ ಆರ್‌ಸಿಸಿ. ಅಲ್ಲಿ ಕೆಳಗೆ ಅಡುಗೆಮನೆ ಮತ್ತು ಒಂದು ಕೋಣೆ, ಮೆಟ್ಟಿಲು ಹತ್ತಿದರೆ ಮೇಲೊಂದು ಕೋಣೆ.

ಹುಬ್ಬಳ್ಳಿ-ಧಾರವಾಡದ ಮನೆ, ಆಫೀಸುಗಳಿಗೆ ಕಂಪ್ಯೂಟರ್ ವೈರಿಂಗ್ ಮಾಡಿಕೊಡುವುದು ನನ್ನ ಕೆಲಸ. ನಮ್ಮ ಕಡೆಯ ಹಳೆ ಮನೆಗಳಲ್ಲಿ ಬಿಡಿಬಿಡಿಯಾಗಿ ಎದುರಾಗುವ ತೊಂದರೆಗಳೆಲ್ಲ ಈ ಒಂದೇ ಮನೆಯಲ್ಲಿ ಸಿಕ್ಕವು. ಅದಕ್ಕೇ ಇದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ಹೀಗೇ ಮನೆ ಇರುವವರಿಗೆ, ಈ ಕೆಲಸ ಕಲಿಯುತ್ತಿರುವ ಹುಡುಗರಿಗೆ ಉಪಯೋಗ ಆಗಲಿ ಅಂತ.

ಮನೆಯ ಹಿರಿಯರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮಾಸ್ತರರು. ಅವರ ಹೆಂಡತಿ, ಮಗಳು, ಮೊಮ್ಮಗ ಜೊತೆಗಿದ್ದಾರೆ. ಮಗಳದ್ದು ಬೆಂಗಳೂರಿನ ಕಂಪನಿಯ ಕೆಲಸ, ಆದರೆ ಮನೆಯಿಂದಲೇ ಮಾಡುತ್ತಾರೆ. ಅವರ ಆಫೀಸು ಅಂದರೆ ಹಿಂದಿನ ಮೇಲಿನ ಕೋಣೆ. ಮೊಮ್ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ, ಅವನಿರುವುದು ಹಿಂದಿನ ಕೆಳಗಿನ ಕೋಣೆಯಲ್ಲಿ. ಫೈಬರ್ ಬಂದದ್ದು ರಸ್ತೆ ಕಡೆಯಿಂದ. ಹಾಗಾಗಿ ಅದರ ಡಬ್ಬಿ, ಅಂದರೆ ಓಎನ್‌ಟಿ, ಪಡಸಾಲೆಯ ಗೋಡೆಯಲ್ಲಿ ಕೂತಿತ್ತು. ನೆಟ್ ಬೇಕಾದವರೆಲ್ಲ ಮನೆಯ ಒಂದು ತುದಿಯಲ್ಲಿ, ಡಬ್ಬಿ ಇನ್ನೊಂದು ತುದಿಯಲ್ಲಿ.

ಮಗಳು ಹೇಳಿದ್ದು ಇಷ್ಟು: "ಮೀಟಿಂಗ್‌ನ್ಯಾಗ ನಾ ಮಾತಾಡಿದ್ದು ಅರ್ಧ ಅವರಿಗೆ ಕೇಳಸಂಗಿಲ್ರಿ. ಬೂಸ್ಟರ್ ಹಾಕಿದ್ವಿ, ವೈರ್ ಎಳಿಸಿದ್ವಿ. ವೈರ್ ಅಂತೂ ವೈಫೈಗಿಂತ ಕಡಿ ಆತು."

ವೈರು ವೈಫೈಗಿಂತ ಕಡೆ ಆಗುವ ಹಾಗಿಲ್ಲ. ಆಗಿದೆ ಅಂದರೆ ವೈರಿನಲ್ಲೇ ಏನೋ ಇದೆ. ನನಗೆ ಈ ಕೆಲಸದಲ್ಲಿ ಆಸಕ್ತಿ ಹುಟ್ಟಿದ್ದೇ ಆ ಮಾತಿಗೆ.

ಮೊದಲು ಅಳತೆ

ಮನೆಯವರು 200 ಎಂಬಿಪಿಎಸ್ ಪ್ಲಾನಿಗೆ ದುಡ್ಡು ಕಟ್ಟುತ್ತಿದ್ದರು. ಪಡಸಾಲೆಯಲ್ಲಿ ಡಬ್ಬಿಯ ಮುಂದೆ ಕೂತು ಮೊಬೈಲಿನಲ್ಲಿ ನೋಡಿದರೆ 5 ಗಿಗಾಹರ್ಟ್ಸ್ ವೈಫೈಗೆ 190ರ ಹತ್ತಿರ ಬರುತ್ತಿತ್ತು. ಅಂದರೆ ಕಂಪನಿ ಕೊಡಬೇಕಾದದ್ದನ್ನು ಕೊಡುತ್ತಿದೆ. ನಡುಮನೆಗೆ ಬಂದರೆ 40. ಹಿಂದಿನ ಕೋಣೆಗೆ ಹೋದರೆ 5 ಗಿಗಾಹರ್ಟ್ಸ್ ಪೂರ್ತಿ ಮಾಯ, 2.4ರಲ್ಲಿ ಹತ್ತು-ಹನ್ನೆರಡು. ಮೇಲಿನ ಕೋಣೆಯಲ್ಲಿ ಬೂಸ್ಟರಿನ ಸಹಾಯದಿಂದ ಆರರಿಂದ ಎಂಟು. ಅದೂ ಬಿಟ್ಟು ಬಿಟ್ಟು.

ಇದರಲ್ಲಿ ಆಶ್ಚರ್ಯ ಇಲ್ಲ. ರೇಡಿಯೋ ಅಲೆಯ ಆವರ್ತನ (ಫ್ರೀಕ್ವೆನ್ಸಿ) ಹೆಚ್ಚಿದ್ದಷ್ಟೂ ಅದು ಗೋಡೆಯಲ್ಲಿ ಜಾಸ್ತಿ ಕರಗುತ್ತದೆ. ಅದಕ್ಕೇ 5 ಗಿಗಾಹರ್ಟ್ಸ್ ವೇಗವಾಗಿದ್ದರೂ ದಪ್ಪ ಗೋಡೆ ದಾಟುವುದಿಲ್ಲ. ಇಲ್ಲಿ ಸಿಗ್ನಲ್ ಅಂಥ ಎರಡು ಗೋಡೆ ದಾಟಿ, ಆಮೇಲೆ ಕಬ್ಬಿಣ ತುಂಬಿದ ಸ್ಲ್ಯಾಬು ದಾಟಬೇಕು. ಮಳೆಗಾಲದಲ್ಲಿ ಇನ್ನೂ ಕಡಿಮೆ ಆಗುತ್ತದೆ ಅಂತ ಮನೆಯವರು ಹೇಳಿದರು. ಅದೂ ನಿಜವೇ. ಮಣ್ಣಿನ ಗೋಡೆ ತೇವ ಹಿಡಿಯುತ್ತದೆ, ನೀರು ರೇಡಿಯೋ ಅಲೆಯನ್ನು ಹೀರುತ್ತದೆ. ಧಾರವಾಡದ ಮಳೆಗೆ ಕೇಳಬೇಕಾ?

ಬೂಸ್ಟರ್ ಬಗ್ಗೆಯೂ ಒಂದು ಮಾತು. ಅಗ್ಗದ ಬೂಸ್ಟರಿನಲ್ಲಿ ಒಂದೇ ರೇಡಿಯೋ ಇರುತ್ತದೆ. ಕೇಳುವುದೂ ಅದರಲ್ಲೇ, ಮುಂದೆ ಹೇಳುವುದೂ ಅದರಲ್ಲೇ. ಹಾಗಾಗಿ ಬಂದ ವೇಗದಲ್ಲಿ ಅರ್ಧ ಅಲ್ಲೇ ಹೋಗುತ್ತದೆ. ಅದಕ್ಕೆ ಮೊದಲೇ ದುರ್ಬಲ ಸಿಗ್ನಲ್ ಸಿಗುವ ಜಾಗದಲ್ಲಿ ಇಟ್ಟರೆ ದುರ್ಬಲವಾದದ್ದನ್ನೇ ಅದು ಮುಂದಕ್ಕೆ ಕಳಿಸುತ್ತದೆ. ಮೊಬೈಲಿನಲ್ಲಿ ಮಾತ್ರ ಕಡ್ಡಿ ಪೂರ್ತಿ ಕಾಣುತ್ತಿರುತ್ತದೆ. ಜನ ಮೋಸ ಹೋಗುವುದು ಇಲ್ಲಿಯೇ.

ಮಾತು ಕಡಿಯುವುದಕ್ಕೆ ವೇಗಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಮೇಲಿನ ಕೋಣೆಯಿಂದ ಓಎನ್‌ಟಿಗೆ ಪಿಂಗ್ ಹಾಕಿದರೆ, ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತು ಅಂತ ನೋಡಿದರೆ, ಒಮ್ಮೆ 8 ಮಿಲಿಸೆಕೆಂಡ್, ಒಮ್ಮೆ 300, ಒಮ್ಮೆ ಉತ್ತರವೇ ಇಲ್ಲ. ವಿಡಿಯೋ ನೋಡುವಾಗ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ಮುಂದಿನದನ್ನು ಮೊದಲೇ ಇಳಿಸಿಟ್ಟುಕೊಂಡಿರುತ್ತದೆ. ಮಾತಾಡುವಾಗ ಹಾಗೆ ಇಳಿಸಿಟ್ಟುಕೊಳ್ಳಲು ಏನೂ ಇರುವುದಿಲ್ಲ. ಒಂದು ಸೆಕೆಂಡ್ ತಡವಾದರೆ ಆ ಮಾತು ಹೋದಂತೆಯೇ.

ಎಂಟೂ ದೀಪ ಹತ್ತುತ್ತವೆ

ಈಗ ಆ ವೈರಿನ ವಿಷಯ. ಹಿಂದೆ ಯಾರೋ ಒಬ್ಬರು ಬಂದು ಪಡಸಾಲೆಯಿಂದ ಮೇಲಿನ ಕೋಣೆವರೆಗೆ ಬೂದು ಬಣ್ಣದ ಕೇಬಲ್ ಎಳೆದು, ಎರಡೂ ತುದಿಗೆ ಪ್ಲಗ್ ಹಾಕಿ, ಟೆಸ್ಟರಿನಲ್ಲಿ ಎಂಟೂ ದೀಪ ತೋರಿಸಿ ಹೋಗಿದ್ದರು. ಲ್ಯಾಪ್‌ಟಾಪಿಗೆ ಹಾಕಿದರೆ ಕೆಲವೊಮ್ಮೆ ಸೇರುತ್ತಿತ್ತು, ಕೆಲವೊಮ್ಮೆ ಇಲ್ಲ. ಸೇರಿದಾಗ ಲಿಂಕ್ ಸ್ಪೀಡ್ (ಎರಡು ತುದಿಯ ಸಾಧನಗಳು ಒಪ್ಪಿಕೊಂಡ ವೇಗ) 100 ಎಂಬಿಪಿಎಸ್ ಅಂತ ತೋರಿಸಿ, ಸ್ವಲ್ಪ ಹೊತ್ತಿಗೆ 10ಕ್ಕೆ ಇಳಿದು, ಮತ್ತೆ ಬಿಟ್ಟುಹೋಗುತ್ತಿತ್ತು. ಆ ಮನುಷ್ಯರನ್ನು ಮತ್ತೆ ಕರೆದರೆ ಮತ್ತೆ ಟೆಸ್ಟರ್ ಹಾಕಿ, "ವೈರ್ ಛಲೋ ಐತ್ರಿ, ನಿಮ್ಮ ಲ್ಯಾಪ್‌ಟಾಪ್ ನೋಡಸ್ರಿ" ಅಂದರಂತೆ.

ನಾನೂ ಟೆಸ್ಟರ್ ಹಾಕಿದೆ. ಒಂದರಿಂದ ಎಂಟು, ಎರಡೂ ಕಡೆ ಸಾಲಾಗಿ ದೀಪ ಹತ್ತಿತು. ಮಾಸ್ತರರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. "ಮತ್ತ? ಎಲ್ಲಾ ಹತ್ತತಾವಲ್ಲ?" ಅಂದರು.

ಪ್ಲಗ್ಗಿನ ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದಾಗ ಉತ್ತರ ಸಿಕ್ಕಿತು. ಒಳಗಿನ ಎಳೆಗಳ ಸಾಲು ಹೀಗಿತ್ತು: ವೈಟ್-ಆರೆಂಜ್, ಆರೆಂಜ್, ವೈಟ್-ಗ್ರೀನ್, ಗ್ರೀನ್, ವೈಟ್-ಬ್ಲೂ, ಬ್ಲೂ, ವೈಟ್-ಬ್ರೌನ್, ಬ್ರೌನ್. ನೋಡಲು ಬಹಳ ಅಚ್ಚುಕಟ್ಟು. ಒಂದು ಬಣ್ಣದ ಪಕ್ಕ ಅದರದೇ ಬಿಳಿ ಪಟ್ಟಿ. ಆದರೆ ತಪ್ಪು.

ಸರಿಯಾದ ಸಾಲು, ನಾವು ಟಿ568ಬಿ ಅಂತ ಕರೆಯುವುದು, ಇದು: ವೈಟ್-ಆರೆಂಜ್, ಆರೆಂಜ್, ವೈಟ್-ಗ್ರೀನ್, ಬ್ಲೂ, ವೈಟ್-ಬ್ಲೂ, ಗ್ರೀನ್, ವೈಟ್-ಬ್ರೌನ್, ಬ್ರೌನ್. ವ್ಯತ್ಯಾಸ ಇರುವುದು ನಡುವೆ. ಗ್ರೀನ್ ಜೋಡಿ ಪ್ಲಗ್ಗಿನ 3 ಮತ್ತು 6ನೇ ಕಾಲಿನಲ್ಲಿ (ಪಿನ್ನಿನಲ್ಲಿ) ಕೂರಬೇಕು, ಬ್ಲೂ ಜೋಡಿ 4 ಮತ್ತು 5ರಲ್ಲಿ.

ಯಾಕೆ ಹೀಗೆ ಅಂತ ಮಾಸ್ತರರು ಕೇಳಿದರು. ಗಣಿತದವರಿಗೆ ಸುಮ್ನೆ "ರೂಲ್ಸ್ ಇದೆ" ಅಂದರೆ ಒಪ್ಪುವುದಿಲ್ಲ. ಕೇಬಲ್ಲಿನ ಒಳಗೆ ಎಂಟು ಎಳೆ ನಾಲ್ಕು ಜೋಡಿಯಾಗಿ ಹುರಿ ಹಾಕಿಕೊಂಡಿರುತ್ತವೆ. ಒಂದು ಸಂಕೇತ ಒಂದು ಜೋಡಿಯಲ್ಲಿ ಹೋಗುತ್ತದೆ, ಒಂದು ಎಳೆಯಲ್ಲಿ ಏರಿದ್ದು ಇನ್ನೊಂದರಲ್ಲಿ ಇಳಿಯುತ್ತದೆ. ಹೊರಗಿನ ಗದ್ದಲ ಬಂದರೆ ಹುರಿ ಇರುವುದರಿಂದ ಎರಡೂ ಎಳೆಗೆ ಸಮನಾಗಿ ತಾಗುತ್ತದೆ. ಆ ತುದಿಯಲ್ಲಿ ಡಬ್ಬಿ ನೋಡುವುದು ಎರಡರ ವ್ಯತ್ಯಾಸವನ್ನು ಮಾತ್ರ. ಸಮನಾಗಿ ತಾಗಿದ್ದು ಕಳೆದರೆ ಸೊನ್ನೆ. ಈ ಮನೆಯಲ್ಲಿ 3ರಲ್ಲಿ ಗ್ರೀನ್ ಜೋಡಿಯ ಎಳೆ ಇತ್ತು, 6ರಲ್ಲಿ ಬ್ಲೂ ಜೋಡಿಯ ಎಳೆ. ವಿದ್ಯುತ್ತು ಹರಿಯುತ್ತದೆ, ಟೆಸ್ಟರ್ ದೀಪ ಹತ್ತುತ್ತದೆ. ಆದರೆ ಆ ಎರಡು ಎಳೆ ಹುರಿಯಲ್ಲಿ ಕೂಡಿಲ್ಲ, ಗದ್ದಲ ಒಂದಕ್ಕೆ ಜಾಸ್ತಿ ಒಂದಕ್ಕೆ ಕಡಿಮೆ ತಾಗುತ್ತದೆ, ಕಳೆದರೆ ಸೊನ್ನೆ ಬರುವುದಿಲ್ಲ. ನನ್ನ ಜೊತೆ ಬಂದಿದ್ದ ಎಲೆಕ್ಟ್ರಿಷಿಯನ್ ಅಣ್ಣಿಗೇರಿ ಕಡೆಯವರು, ಮನೆಯಲ್ಲಿ ಹೊಲ ಇದೆ. ಅವರಿಗೆ ತಕ್ಷಣ ತಿಳಿಯಿತು: "ಈ ಜೋಡಿದು ಒಂದು ಎತ್ತು, ಆ ಜೋಡಿದು ಒಂದು ಎತ್ತು ನೊಗಕ್ಕ ಕಟ್ಟಿದಂಗ ಆತಲ್ರಿ. ನಡೀತಾವು, ಆದ್ರ ಸಾಲು ನೆಟ್ಟಗ ಬರಂಗಿಲ್ಲ."

ಇದಕ್ಕೆ ಸ್ಪ್ಲಿಟ್ ಪೇರ್ ಅನ್ನುತ್ತಾರೆ. ಅಗ್ಗದ ಟೆಸ್ಟರ್ ಇದನ್ನು ಹಿಡಿಯುವುದೇ ಇಲ್ಲ. ಅದು ನೋಡುವುದು ಒಂದನೇ ಕಾಲು ಒಂದನೇ ಕಾಲಿಗೆ ಮುಟ್ಟಿತಾ ಅಂತ, ಅಷ್ಟೇ. ಈ ಕೆಲಸ ಕಲಿಯುವ ಹುಡುಗರು ಇದೊಂದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಎಂಟು ದೀಪ ಹತ್ತಿದರೆ ಕೆಲಸ ಶುರುವಾಯಿತು ಅಂತ ಅರ್ಥ, ಮುಗಿಯಿತು ಅಂತ ಅಲ್ಲ.

ಎರಡೂ ತುದಿ ಕತ್ತರಿಸಿ ಸರಿಯಾದ ಸಾಲಿನಲ್ಲಿ ಹೊಸ ಪ್ಲಗ್ ಹಾಕಿದೆವು. ಲ್ಯಾಪ್‌ಟಾಪಿನಲ್ಲಿ ಲಿಂಕ್ ಸ್ಪೀಡ್ 1000 ಅಂತ ಬಂತು. ಮಗಳಿಗೆ ಖುಷಿ. "ಹಂಗಾರ ಇದನ್ನ ಇಟ್ಕೊಳ್ಳೋಣಲ್ರಿ? ಮತ್ಯಾಕ ಹೊಸಾದು?"

ಬೇಡ ಅಂತ ಹೇಳಿದೆ. ಎರಡು ಕಾರಣ. ಪ್ಲಗ್ ಕತ್ತರಿಸಿದಾಗ ಸಿಕ್ಕ ತುಂಡನ್ನು ಬ್ಲೇಡಿನಿಂದ ಕೆರೆದು ತೋರಿಸಿದೆ. ಮೇಲೆ ತಾಮ್ರದ ಕೆಂಪು, ಕೆರೆದರೆ ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ ಎಳೆಗೆ ತೆಳ್ಳಗೆ ತಾಮ್ರ ಹಚ್ಚಿದ ಮಾಲು. ಅಂಗಡಿಯಲ್ಲಿ ಇದನ್ನು ಸಿಸಿಎ ಅನ್ನುತ್ತಾರೆ. ಬಾಗಿಸಿ ನೇರ ಮಾಡಿ ಮತ್ತೆ ಬಾಗಿಸಿದರೆ ಪಟ್ಟನೆ ಮುರಿಯಿತು. ತಾಮ್ರದ ಎಳೆ ಹಾಗೆ ಮುರಿಯುವುದಿಲ್ಲ. ಇದರ ಪ್ರತಿರೋಧವೂ ತಾಮ್ರಕ್ಕಿಂತ ಬಹಳ ಜಾಸ್ತಿ. ಇವತ್ತು ಓಡುತ್ತದೆ, ನಾಳೆ ಇದೇ ವೈರಿನಲ್ಲಿ ಕ್ಯಾಮೆರಾಕ್ಕೆ ಕರೆಂಟ್ ಕಳಿಸಬೇಕೆಂದರೆ ಬಿಸಿಯಾಗುತ್ತದೆ, ದೂರಕ್ಕೆ ವೋಲ್ಟೇಜ್ ಮುಟ್ಟುವುದಿಲ್ಲ. ಕ್ಯಾಟಗರಿ ಕೇಬಲ್ಲಿನ (ಕ್ಯಾಟ್ 5ಇ, ಕ್ಯಾಟ್ 6 ಅಂತ ದರ್ಜೆ ಮಾಡಿದ ನೆಟ್‌ವರ್ಕ್ ಕೇಬಲ್) ಮಾನದಂಡ ಕೇಳುವುದೇ ಪೂರ್ತಿ ತಾಮ್ರ. ಸಿಸಿಎ ಮೇಲೆ "ಕ್ಯಾಟ್ 6" ಅಂತ ಅಚ್ಚು ಹಾಕಿದರೆ ಅದು ಕ್ಯಾಟ್ 6 ಆಗುವುದಿಲ್ಲ.

ಎರಡನೇ ಕಾರಣ ಇನ್ನೂ ದೊಡ್ಡದು. ಆ ಕೇಬಲ್ಲನ್ನು ಮನೆಯ ಲೈಟಿನ ವೈರು ಹೋಗುವ ಕೇಸಿಂಗ್ ಪಟ್ಟಿಯೊಳಗೇ ತುರುಕಿದ್ದರು. 230 ವೋಲ್ಟಿನ ಹಳೆ ವೈರು, ಅಲ್ಲಲ್ಲಿ ಮೇಲ್ಪದರ ಒಣಗಿ ಬಿರುಕು ಬಿಟ್ಟದ್ದು, ಅದಕ್ಕೆ ಅಂಟಿಕೊಂಡೇ ಕಂಪ್ಯೂಟರಿನ ವೈರು. ಗದ್ದಲದ ಮಾತು ಬಿಡಿ, ಎಲ್ಲಾದರೂ ತಾಗಿದರೆ ಕರೆಂಟು ನೇರವಾಗಿ ಲ್ಯಾಪ್‌ಟಾಪಿಗೆ, ಅದನ್ನು ಮುಟ್ಟಿದವರ ಕೈಗೆ. ಇದನ್ನು ಕೇಳಿದ ಮೇಲೆ ಯಾರೂ ಎರಡನೇ ಮಾತಾಡಲಿಲ್ಲ. ಆ ಕೇಬಲ್ಲನ್ನು ಅಂದೇ ಪೂರ್ತಿ ಎಳೆದು ತೆಗೆದೆವು.

ದಾರಿ ಹುಡುಕುವುದು

ಹೊಸ ಕೆಲಸಕ್ಕೆ ಮಾಸ್ತರರ ಷರತ್ತು ಒಂದೇ. "ಗ್ವಾಡಿ ಒಡೀಬ್ಯಾಡ್ರಿ. ನಮ್ಮ ಅಜ್ಜಾರು ಕಟ್ಟಿಸಿದ್ದು." ಷರತ್ತು ಇಲ್ಲದಿದ್ದರೂ ನಾನು ಒಡೆಯುತ್ತಿರಲಿಲ್ಲ. ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆಗೆ ಹ್ಯಾಮರ್ ಡ್ರಿಲ್ ಹಚ್ಚಿದರೆ ಒಳಗಿನ ಮಣ್ಣು ಉದುರಿ ಕಲ್ಲು ಸಡಿಲ ಆಗುತ್ತದೆ. ಈ ಕಡೆ ಅರ್ಧ ಇಂಚಿನ ತೂತು, ಆ ಕಡೆ ಬುಟ್ಟಿ ತುಂಬ ಮಣ್ಣು. ಆಮೇಲೆ ಗೌಂಡಿಯನ್ನು ಕರೆಯಬೇಕು.

ಹೊರಗಿನಿಂದ ಸುತ್ತಿಸಿಕೊಂಡು ಹೋಗಬಹುದಲ್ಲ ಅಂತ ಮೊಮ್ಮಗ ಕೇಳಿದ. ದಾರಿ ಏನೋ ಹತ್ತಿರ. ಆದರೆ ಒಳಗೆ ಹಾಕುವ ಕೇಬಲ್ಲಿನ ಪಿವಿಸಿ ಹೊದಿಕೆ ಬಿಸಿಲಿಗೆ ಕೆಲವೇ ವರ್ಷದಲ್ಲಿ ಬಿರಿಯುತ್ತದೆ. ಇನ್ನೊಂದು, ಸಿಡಿಲು. ನಮ್ಮಲ್ಲಿ ಮುಂಗಾರಿಗೆ ಮುಂಚೆ, ಏಪ್ರಿಲ್-ಮೇ ತಿಂಗಳಲ್ಲಿ ಬರುವ ಗುಡುಗು ಮಳೆ ಎಂಥದ್ದು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಸಿಡಿಲು ಮನೆಗೇ ಹೊಡೆಯಬೇಕೆಂದಿಲ್ಲ. ಹತ್ತಿರದ ಮರಕ್ಕೆ ಹೊಡೆದರೂ ಹೊರಗೆ ಚಾಚಿದ ಉದ್ದನೆಯ ತಾಮ್ರದಲ್ಲಿ ವೋಲ್ಟೇಜ್ ಏಳುತ್ತದೆ, ಎರಡೂ ತುದಿಯ ಡಬ್ಬಿ ಸುಡುತ್ತವೆ. ಒಳಗೆ ದಾರಿ ಇರುವಾಗ ಹೊರಗೆ ಹೋಗಬಾರದು ಎಂಬುದು ನನ್ನ ಅಭಿಪ್ರಾಯ. ಎರಡು ಬೇರೆ ಬೇರೆ ಕಟ್ಟಡ ಜೋಡಿಸಲೇಬೇಕು ಅಂದಾಗ ತಾಮ್ರ ಬಿಟ್ಟು ಫೈಬರ್ ಹಾಕಬೇಕು. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ.

ಹಾಗಾದರೆ ಒಳಗಿನ ದಾರಿ ಯಾವುದು? ಪಡಸಾಲೆಯ ಮೇಲೆ ಅಟ್ಟ ಇತ್ತು. ಅಟ್ಟದಿಂದ ನಡುಮನೆಗೆ ಹೋಗುವ ಗೋಡೆಯ ಮೇಲ್ಭಾಗದಲ್ಲಿ ಹಳೆಯ ಬೆಳಕಿಂಡಿ, ಅದಕ್ಕೆ ತೇಗದ ಚೌಕಟ್ಟು. ಗೋಡೆ ಮುಟ್ಟದೆ ಚೌಕಟ್ಟಿನ ಮೂಲೆಯಲ್ಲಿ ಸಣ್ಣ ತೂತು ಕೊರೆದರೆ ಆಯಿತು. ಮೊದಲ ಗೋಡೆ ದಾಟಿತು. ನಡುಮನೆಯ ಹಿಂದಿನ ಬಾಗಿಲಿನ ಮೇಲೆ ಹಿಂದೊಮ್ಮೆ ಕರೆಗಂಟೆಯ ವೈರು ಹೋದ ತೂತು ಇತ್ತು, ಸುಣ್ಣ ಮುಚ್ಚಿಕೊಂಡಿತ್ತು. ಅಜ್ಜಿಗೆ ಅದು ನೆನಪಿತ್ತು, ಮನೆಯಲ್ಲಿ ಬೇರೆ ಯಾರಿಗೂ ಇರಲಿಲ್ಲ. ಕೋಲಿನಿಂದ ತೋರಿಸಿದರು, ಕೆರೆದರೆ ಸಿಕ್ಕಿತು. ಎರಡನೇ ಗೋಡೆಯೂ ದಾಟಿತು. ಹಳೆ ಮನೆಯಲ್ಲಿ ಕೆಲಸ ಮಾಡುವವರು ಡ್ರಿಲ್ ತೆಗೆಯುವ ಮೊದಲು ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕೇಳಬೇಕು. ಯಾವ ಗೋಡೆಯಲ್ಲಿ ಏನಿದೆ ಅಂತ ಅವರಿಗೆ ಗೊತ್ತಿರುತ್ತದೆ.

ಅಟ್ಟದಲ್ಲಿ ಇಲಿ ಕಾಟ ಇದ್ದೇ ಇರುತ್ತದೆ. ಹಾಗಾಗಿ ಅಲ್ಲಿ ಕೇಬಲ್ಲನ್ನು ಬರಿದಾಗಿ ಬಿಡದೆ 25 ಎಂಎಂ ಪಿವಿಸಿ ಪೈಪಿನೊಳಗೆ ಹಾಕಿದೆವು. ಲೈಟಿನ ವೈರಿನಿಂದ ಒಂದು ಗೇಣು ದೂರ. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿದೆವು, ಜೊತೆ ಜೊತೆ ಓಡಿಸಲಿಲ್ಲ.

ಆರ್‌ಸಿಸಿ ಭಾಗದಲ್ಲಿ ಅದೃಷ್ಟ ಇತ್ತು. ಕಟ್ಟುವಾಗ ಕೇಬಲ್ ಟಿವಿಗೆ ಅಂತ ಗೋಡೆಯೊಳಗೆ ಪೈಪು ಬಿಟ್ಟಿದ್ದರು. ಅದರಲ್ಲಿ ಉಪಯೋಗ ತಪ್ಪಿದ ಕಪ್ಪು ಟಿವಿ ಕೇಬಲ್ ಹಾಗೇ ಇತ್ತು. ಹೊಸ ಕೇಬಲ್ಲುಗಳನ್ನು ಅದರ ತುದಿಗೆ ಮೆಟ್ಟಿಲು ಮೆಟ್ಟಿಲಾಗಿ ಹಿಂದೆ-ಮುಂದೆ ಕಟ್ಟಿ, ನುಣ್ಣಗೆ ಟೇಪ್ ಸುತ್ತಿ, ಮೇಲಿನಿಂದ ಒಬ್ಬರು ನಿಧಾನ ಎಳೆದರು, ಕೆಳಗಿನಿಂದ ಒಬ್ಬರು ಕೊಡುತ್ತಾ ಹೋದರು. ಒಂದು ಬೆಂಡಿನಲ್ಲಿ ಹಿಡಿಯಿತು. ಅಲ್ಲಿ ಜೋರು ಮಾಡಬಾರದು. ಜಗ್ಗಿದರೆ ಕೇಬಲ್ ಹರಿಯದೆ ಇರಬಹುದು, ಆದರೆ ಒಳಗಿನ ಹುರಿ ಹಿಗ್ಗುತ್ತದೆ, ಅದು ಹೊರಗೆ ಕಾಣುವುದಿಲ್ಲ. ಹಿಂದಕ್ಕೆ ತೆಗೆದು, ಟಾಲ್ಕಂ ಪೌಡರ್ ಹಾಕಿ, ಮತ್ತೆ ಬಿಟ್ಟಾಗ ಸರಾಗ ಹೋಯಿತು.

ಎಲ್ಲ ವೈರು ಬಂದು ಸೇರುವ ಜಾಗಕ್ಕೆ ಮೆಟ್ಟಿಲ ಪಕ್ಕದ ಗೂಡು ಆರಿಸಿದೆವು. ಮೊದಲು ಕಂದೀಲು ಇಡುತ್ತಿದ್ದ ಗೂಡು. ಎಂಟು ಕಿಂಡಿಯ ಗಿಗಾಬಿಟ್ (1000 ಎಂಬಿಪಿಎಸ್) ಸ್ವಿಚ್, ಅಂದರೆ ಎಲ್ಲ ವೈರುಗಳನ್ನು ಒಂದಕ್ಕೊಂದು ಜೋಡಿಸುವ ಡಬ್ಬಿ, ಅದರಲ್ಲಿ ಸರಿಯಾಗಿ ಕೂತಿತು, ಗಾಳಿಯೂ ಆಡುತ್ತದೆ. ಪಡಸಾಲೆಯಿಂದ ಗೂಡಿಗೆ ಎರಡು ಕೇಬಲ್. ಒಂದು ಕೆಲಸಕ್ಕೆ, ಒಂದು ಖಾಲಿ. ಕಷ್ಟದ ದಾರಿಯಲ್ಲಿ ಯಾವಾಗಲೂ ಎರಡು ಎಳೆಯಬೇಕು. ವೈರಿಗೆ ಹೋಗುವ ದುಡ್ಡು ಕಡಿಮೆ, ಮತ್ತೊಮ್ಮೆ ಅಟ್ಟ ಹತ್ತುವುದಕ್ಕೆ ಹೋಗುವುದೇ ಜಾಸ್ತಿ. ಗೂಡಿನಿಂದ ಮೇಲಿನ ಕೋಣೆಗೆ ಎರಡು, ಮೊಮ್ಮಗನ ಕೋಣೆಗೆ ಒಂದು, ನಡುಮನೆಯ ಟಿವಿಗೆ ಒಂದು, ಮೇಲಿನ ಪ್ಯಾಸೇಜಿಗೆ ವೈಫೈ ಡಬ್ಬಿಗೆ ಒಂದು. ಎಳೆಯುವ ಮೊದಲೇ ಪ್ರತಿಯೊಂದರ ಎರಡೂ ತುದಿಗೆ ನಂಬರ್ ಬರೆದ ಟೇಪ್.

ಸಾಮಾನು ತಂದದ್ದು ಹುಬ್ಬಳ್ಳಿಯಿಂದ. ಅಂಗಡಿಯವರು ಶೀಲ್ಡ್ (ಎಳೆಗಳ ಸುತ್ತ ಲೋಹದ ಹೊದಿಕೆ) ಇರುವ ಕೇಬಲ್ ತಗೊಳ್ಳಿ, ಅದು ಸ್ಟ್ರಾಂಗು ಅಂದರು. ಬೇಡ ಅಂದೆ. ಶೀಲ್ಡಿನಿಂದ ಪ್ರಯೋಜನ ಆಗಬೇಕಾದರೆ ಅದಕ್ಕೆ ಸರಿಯಾದ ಅರ್ಥಿಂಗ್ ಬೇಕು. ಈ ಮನೆಯ ಹಳೆ ಭಾಗದಲ್ಲಿ ಎರಡು ಪಿನ್ನಿನ ಸಾಕೆಟ್ಟುಗಳೇ ಜಾಸ್ತಿ. ಅರ್ಥಿಂಗ್ ಇಲ್ಲದ ಶೀಲ್ಡು ಬರೀ ಭಾರ. ಸಾದಾ ಕ್ಯಾಟ್ 6, 23 ಗೇಜಿನ ಪೂರ್ತಿ ತಾಮ್ರ, ಸಾಕು. ಹಾಗೆ ನೋಡಿದರೆ ಕ್ಯಾಟ್ 5ಇ ಕೂಡ 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ, ಇಲ್ಲಿಯ ಅತಿ ಉದ್ದದ ದಾರಿ 30 ಮೀಟರ್ ಒಳಗೆ. ಆದರೆ ಬೆಲೆಯಲ್ಲಿ ದೊಡ್ಡ ಅಂತರ ಇಲ್ಲ, ಗೋಡೆಯೊಳಗೆ ಹೋಗುವ ವಸ್ತು ಬಹಳ ವರ್ಷ ಇರಬೇಕು. ಒಳ್ಳೆ ಕೇಬಲ್ಲಿನ ಮೇಲೆ ಮೀಟರ್ ಲೆಕ್ಕದ ಅಂಕಿ ಅಚ್ಚಾಗಿರುತ್ತದೆ. ಬಿಡಿಯಾಗಿ ಕೊಳ್ಳುವಾಗ ಎರಡು ತುದಿಯ ಅಂಕಿ ಕಳೆದು ನೋಡಿದರೆ ಅಳತೆ ಸಿಕ್ಕಿತು.

ತುದಿ ಮತ್ತು ಪರೀಕ್ಷೆ

ಗೋಡೆಯ ಕಡೆ ಪ್ಲಗ್ ಹಾಕಲಿಲ್ಲ. ಐಓ ಬಾಕ್ಸ್, ಅಂದರೆ ಗೋಡೆಯ ಕಿಂಡಿಯ ಡಬ್ಬಿ, ಕೂರಿಸಿ ಅದರ ಜಾಕಿಗೆ ಎಳೆಗಳನ್ನು ಪಂಚ್ ಮಾಡಿದೆವು (ಒತ್ತಿ ಕೂರಿಸಿದೆವು). ಗೋಡೆಯೊಳಗಿನ ಕೇಬಲ್ಲಿನ ಎಳೆ ಒಂಟಿ ತಂತಿ, ದಿನಾ ಅಲುಗಾಡಿಸಿದರೆ ಮುರಿಯುತ್ತದೆ. ಅಲುಗಾಡುವ ಕೆಲಸ ಪ್ಯಾಚ್ ಕಾರ್ಡಿಗೆ (ಗೋಡೆಯ ಕಿಂಡಿಯಿಂದ ಲ್ಯಾಪ್‌ಟಾಪಿಗೆ ಹೋಗುವ ಸಣ್ಣ ವೈರಿಗೆ) ಬಿಡಬೇಕು, ಅದರೊಳಗೆ ಸಣ್ಣ ಸಣ್ಣ ತಂತಿಗಳ ಗೊಂಚಲಿರುತ್ತದೆ. ಜಾಕಿಗೆ ಕೂರಿಸುವಾಗ ಹುರಿಯನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಡಿಸಬಾರದು. ಅಂದವಾಗಿ ಕಾಣಲಿ ಅಂತ ಎರಡು ಇಂಚು ಬಿಡಿಸಿ ಬಾಚಿದವರ ಕೆಲಸ ನೋಡಿದ್ದೇನೆ. ಹುರಿಯನ್ನು ಅಷ್ಟು ಬಿಡಿಸಿದರೆ ಕ್ಯಾಟ್ 6 ತಂದದ್ದೇ ವ್ಯರ್ಥ.

ಮಗಳ ಕಂಪನಿ ಲ್ಯಾಪ್‌ಟಾಪಿನಲ್ಲಿ ಲ್ಯಾನ್ ಕಿಂಡಿಯೇ ಇರಲಿಲ್ಲ. ಯುಎಸ್‌ಬಿ ಅಡಾಪ್ಟರ್ ತಂದೆವು. ಅದರಲ್ಲೂ ಯುಎಸ್‌ಬಿ 3 ಮತ್ತು ಗಿಗಾಬಿಟ್ ಅಂತ ಓದಿ ಕೊಳ್ಳಬೇಕು. ಅಗ್ಗದವು 100ಕ್ಕೆ ನಿಲ್ಲುತ್ತವೆ.

ದೀಪದ ಟೆಸ್ಟರ್ ಮೊದಲ ಮೆಟ್ಟಿಲು. ಆಮೇಲೆ ಪ್ರತಿ ಕಿಂಡಿಯಲ್ಲೂ ಲಿಂಕ್ ಸ್ಪೀಡ್ 1000 ಬಂತಾ ಅಂತ ನೋಡಿದೆವು. 100 ಎಂಬಿಪಿಎಸ್ಸಿಗೆ ಎರಡು ಜೋಡಿ ಸಾಕು, 1, 2, 3, 6 ಕಾಲುಗಳು. ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು. 1999ರಲ್ಲಿ ಆ ಮಾನದಂಡ ಬಂದಾಗಿನಿಂದ ಹೀಗೇ ಇದೆ. ಹಾಗಾಗಿ ಒಂದು ಎಳೆ ಸರಿ ಕೂರದಿದ್ದರೂ ಎಷ್ಟೋ ಸಲ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ನೆಟ್ ಬರುತ್ತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಮೂರನೆಯದು ನಿಜವಾದ ಪರೀಕ್ಷೆ. ಒಂದು ಲ್ಯಾಪ್‌ಟಾಪ್ ಪಡಸಾಲೆಯಲ್ಲಿ, ಒಂದು ಮೇಲಿನ ಕೋಣೆಯಲ್ಲಿ. ಐಪರ್ಫ್3 ಎಂಬ ಉಚಿತ ತಂತ್ರಾಂಶ ಹಾಕಿ, ಎರಡರ ನಡುವೆ ಬಹಳ ಹೊತ್ತು ಪೂರ್ತಿ ವೇಗದಲ್ಲಿ ಡೇಟಾ ಓಡಿಸಿದೆವು. 940ರ ಆಸುಪಾಸು ನಿಂತಿತು, ಕದಲಲಿಲ್ಲ. ಗಿಗಾಬಿಟ್ಟಿನಲ್ಲಿ ಸಿಗುವುದೇ ಅಷ್ಟು. ಉಳಿದದ್ದು ಪ್ರತಿ ಪ್ಯಾಕೆಟ್ಟಿನ ವಿಳಾಸ, ಲೆಕ್ಕಗಳಿಗೆ ಹೋಗುತ್ತದೆ.

ಎಲ್ಲ ಮುಗಿಯಿತು ಅಂದುಕೊಂಡು ಓಎನ್‌ಟಿಗೆ ಜೋಡಿಸಿ ನೆಟ್ ವೇಗ ನೋಡಿದರೆ 94. ಮತ್ತೆ ನೋಡಿದರೂ 94. ಮಗಳ ಮುಖ ಸಣ್ಣಗಾಯಿತು. ನನಗೆ ಮಾತ್ರ ಆ ಅಂಕಿಯೇ ಗುಟ್ಟು ಹೇಳಿತು. ಪ್ಲಾನ್ 200, ಒಳಗಿನ ವೈರು 940, ಬರುತ್ತಿರುವುದು 94. 100ರ ಲಿಂಕಿನಲ್ಲಿ ಸಿಗುವ ಗರಿಷ್ಠ ವೇಗ ಅದು. ಅಂದರೆ ಎಲ್ಲೋ ಒಂದು ಕಡೆ 100ರ ಕೊಂಡಿ ಕೂತಿದೆ. ಓಎನ್‌ಟಿಯ ಹಿಂದೆ ನಾಲ್ಕು ಲ್ಯಾನ್ ಕಿಂಡಿ. ಕೇಬಲ್ ಹಾಕಿದ್ದು ಮೂರನೆಯದಕ್ಕೆ, ಕೈಗೆ ಹತ್ತಿರ ಇತ್ತು ಅಂತ. ಈ ತರಹದ ಎಷ್ಟೋ ಡಬ್ಬಿಗಳಲ್ಲಿ ಒಂದನೇ ಕಿಂಡಿ ಮಾತ್ರ ಗಿಗಾಬಿಟ್, ಉಳಿದ ಮೂರು 100. ಒಂದನೆಯದಕ್ಕೆ ಬದಲಿಸಿದೆವು. 196 ಬಂತು.

ನಿಮ್ಮ ಮನೆಯಲ್ಲೂ ಪ್ಲಾನ್ ಎಷ್ಟೇ ಇರಲಿ, 94ರಲ್ಲೇ ನಿಂತುಬಿಟ್ಟರೆ ಕಂಪನಿಗೆ ಫೋನ್ ಮಾಡುವ ಮೊದಲು ಮನೆಯೊಳಗಿನ ಕಿಂಡಿ, ಕಾರ್ಡು, ಸ್ವಿಚ್ಚು ನೋಡಿ.

ಮೇಲಿನ ಪ್ಯಾಸೇಜಿಗೆ ಹೊಸ ವೈಫೈ ಡಬ್ಬಿ ಕೊಳ್ಳಲಿಲ್ಲ. ಮನೆಯಲ್ಲಿ ಹಳೆ ರೌಟರ್ ಒಂದಿತ್ತು. ಅದನ್ನು ಬರೀ ವೈಫೈ ಕೊಡುವ ಡಬ್ಬಿಯನ್ನಾಗಿ ಮಾಡಿದೆವು. ಅದರ ಡಿಎಚ್‌ಸಿಪಿ (ಮನೆಯ ಸಾಧನಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ವ್ಯವಸ್ಥೆ) ಆಫ್, ವಿಳಾಸ 192.168.1.2, ವೈರು ಅದರ ಲ್ಯಾನ್ (ಮನೆಯೊಳಗಿನ) ಕಿಂಡಿಗೆ, ವ್ಯಾನ್ (ಹೊರಗಿನ ನೆಟ್ ಬರುವ) ಕಿಂಡಿಗಲ್ಲ. ಡಿಎಚ್‌ಸಿಪಿ ಆಫ್ ಮಾಡದಿದ್ದರೆ ಒಂದೇ ಮನೆಯಲ್ಲಿ ಇಬ್ಬರು ವಿಳಾಸ ಹಂಚುತ್ತಾರೆ. "ಕನೆಕ್ಟ್ ಆಗೇದ, ನೆಟ್ ಇಲ್ಲ" ಅಂತ ಫೋನ್ ಬರುವುದಕ್ಕೆ ಒಂದು ಕಾರಣ ಇದೇ. ಓಎನ್‌ಟಿ ಮತ್ತು ಸ್ವಿಚ್ ಎರಡನ್ನೂ ಇನ್ವರ್ಟರಿನ ಲೈನಿಗೆ ತಂದೆವು. ಒಂದು ಉಳಿದು ಇನ್ನೊಂದು ಆರಿಹೋದರೆ ಏನೂ ಉಪಯೋಗ ಇಲ್ಲ.

ಒಟ್ಟು ಖರ್ಚು ಕೂಲಿ ಸೇರಿ 15,000 ರೂಪಾಯಿಯ ಒಳಗೆ ಮುಗಿಯಿತು. ಮೇಲಿನ ಕೋಣೆಯಿಂದ ಓಎನ್‌ಟಿಗೆ ಪಿಂಗ್ ಈಗ ಒಂದು ಮಿಲಿಸೆಕೆಂಡಿಗಿಂತ ಕಡಿಮೆ.

ಆಮೇಲೆ ಬಂದ ಫೋನು

ಕೆಲವು ವಾರ ಬಿಟ್ಟು ಮಾಸ್ತರರು ಫೋನ್ ಮಾಡಿದರು. "ಎಲ್ಲಾ ಬಂದ್ ಆಗೇದ ನೋಡ್ರಿ. ಟಿವಿ ಇಲ್ಲ, ವೈಫೈ ಇಲ್ಲ, ಏನೂ ಇಲ್ಲ." ಗೂಡಿನಲ್ಲಿ ಸ್ವಿಚ್ಚಿನ ದೀಪ ಹೇಗಿದೆ ನೋಡಿ ಹೇಳ್ರಿ ಅಂದೆ. "ಎಲ್ಲಾ ಕೂಡೇ ಪಟಪಟ ಅಂತ ಬಡಕೋಳಿಕ್ಹತ್ತಾವ."

ಅಷ್ಟು ಸಾಕಿತ್ತು. ಕೆಲಸ ಇಲ್ಲದಾಗ ದೀಪಗಳು ತಮ್ಮ ತಮ್ಮ ಪಾಡಿಗೆ ಅಲ್ಲೊಂದು ಇಲ್ಲೊಂದು ಮಿಣುಕುತ್ತವೆ. ಎಲ್ಲವೂ ಒಟ್ಟಿಗೆ ಬಿಡದೆ ಬಡಿದುಕೊಂಡರೆ ಎಲ್ಲೋ ಲೂಪ್ ಆಗಿದೆ ಅಂತ. ಮೇಲಿನ ಕೋಣೆಗೆ ಹೋಗಿ ಗೋಡೆಯ ಎರಡು ಕಿಂಡಿ ನೋಡಲು ಹೇಳಿದೆ. ಕೋಣೆ ಗುಡಿಸುವಾಗ ಪ್ಯಾಚ್ ಕಾರ್ಡಿನ ಲ್ಯಾಪ್‌ಟಾಪ್ ಕಡೆಯ ತುದಿ ಕೆಳಗೆ ಬಿದ್ದಿತ್ತಂತೆ. ಯಾರೋ ಅದನ್ನು ಎತ್ತಿ, ಪಕ್ಕದಲ್ಲಿ ಖಾಲಿ ಇದ್ದ ಎರಡನೇ ಕಿಂಡಿಗೆ ಹಾಕಿಬಿಟ್ಟಿದ್ದರು. ಸ್ವಿಚ್ಚಿನಿಂದ ಹೊರಟದ್ದು ಸ್ವಿಚ್ಚಿಗೇ ವಾಪಸ್. ಎಲ್ಲರಿಗೂ ಹಂಚಬೇಕಾದ ಸಂದೇಶ ಒಂದು ಬಂದರೆ ಅದು ಸುತ್ತುತ್ತಲೇ ಇರುತ್ತದೆ, ಪ್ರತಿ ಸುತ್ತಿಗೂ ಹೆಚ್ಚುತ್ತದೆ, ಬೇರೆ ಯಾವುದಕ್ಕೂ ಜಾಗ ಉಳಿಯುವುದಿಲ್ಲ. ದೊಡ್ಡ ಆಫೀಸಿನ ಸ್ವಿಚ್ಚುಗಳಿಗೆ ಇದನ್ನು ತಡೆಯಲು ಬರುತ್ತದೆ. ಮನೆಗೆ ಹಾಕುವ ಸಾದಾ ಸ್ವಿಚ್ಚಿಗೆ ಸಾಮಾನ್ಯವಾಗಿ ಬರುವುದಿಲ್ಲ.

ತುದಿ ಕಿತ್ತ ಕೂಡಲೇ ಎಲ್ಲ ಸರಿಯಾಯಿತು. "ಇಷ್ಟ ಏನು?" ಅಂದರು ಮಾಸ್ತರರು. ಹೌದ್ರಿ ಸರ್, ಇಷ್ಟೇ ಅಂದೆ. ಈಗ ಆ ಎರಡನೇ ಕಿಂಡಿಯ ಕೇಬಲ್ಲನ್ನು ಗೂಡಿನ ಸ್ವಿಚ್ಚಿನಿಂದಲೇ ಬಿಚ್ಚಿ, ನಂಬರ್ ಕಾಣುವ ಹಾಗೆ ಸುತ್ತಿಟ್ಟಿದ್ದಾರೆ. ಮುಂದೆ ಮೇಲಿನ ಕೋಣೆಗೆ ಪ್ರಿಂಟರ್ ತರುವ ವಿಚಾರ ಇದೆಯಂತೆ. ಆಗ ಹಾಕಿಕೊಳ್ಳಬಹುದು.